ಶೇಷವಿಲ್ಲದ ಅಳತೆ

ಅಳೆಯುವ ಕಾರ್ಯದಲ್ಲಿ ನಮಗೆ ಒದಗುವ ಕಷ್ಟಗಳಲ್ಲಿ ಬಹುಪಾಲು ಅಳೆಯುವುದರಿಂದ ಹುಟ್ಟಿದುವಲ್ಲ. ಯಾವ ಮಾನದಿಂದ ಅಳೆಯಬೇಕೆಂಬುದನ್ನು ಮೊದಲೇ ಆಲೋಚಿಸದೆ ಇದ್ದುದರಿಂದ ಹುಟ್ಟಿದುವು. ಮನೆ ಕಟ್ಟಿಸುವವನು ಕೋಣೆಯ ಉದ್ದಗಲಗಳನ್ನು ತನ್ನ ಇಚ್ಛೆಯಂತೆ ನಿಶ್ಚಯಿಸಿ, ಗೋಡೆ ಎದ್ದ ಮೇಲೆ ನೆಲಕ್ಕೆ ಹಾಸುವ ಟೈಲನ್ನು ಕೊಂಡುತಂದು, ಕೊನೆಯ ಸಾಲಿನ ಪ್ರತಿಯೊಂದು ಟೈಲನ್ನೂ ಕತ್ತರಿಸಬೇಕಾಗಿ ಬಂದಾಗ ಮೇಸ್ತ್ರಿಯ ಮೇಲೆ ತಪ್ಪು ಹೊರಿಸುತ್ತಾನೆ. ತೋಟ ಹಾಕುವವನು ಒಂದು ಗಿಡಕ್ಕೆ ಒಂದು ಅಂತರ, ಇನ್ನೊಂದಕ್ಕೆ ಇನ್ನೊಂದು ಅಂತರ ಕೊಟ್ಟು, ಹತ್ತು ವರ್ಷಗಳ ಮೇಲೆ ಸಾಲುಗಳು ಒಂದನ್ನೊಂದು ಅಡ್ಡಗಟ್ಟುವುದನ್ನು ಕಂಡು ಪರಿತಪಿಸುತ್ತಾನೆ. ಇವರಿಬ್ಬರ ಕೊರತೆಯೂ ಒಂದೇ. ಬಾಲ್ಯದಲ್ಲಿ ಪಾಠಶಾಲೆಯ ಕರಿಹಲಗೆಯ ಮೇಲೆ ಕಂಡು, ಪರೀಕ್ಷೆಯೊಡನೆ ಮರೆತುಬಿಟ್ಟ ಎರಡು ವಿಷಯಗಳನ್ನು ಅವರು ಸಕಾಲದಲ್ಲಿ ಸ್ಮರಿಸಿದ್ದರೆ ಆ ನಷ್ಟವೂ ಆ ಮನಃಕ್ಲೇಶವೂ ತಪ್ಪುತ್ತಿದ್ದುವು. ಆ ವಿಷಯಗಳು ಅಪವರ್ತನ ಮತ್ತು ಅಪವರ್ತ್ಯ.

ಒಂದು ಸಂಖ್ಯೆಯನ್ನು ಶೇಷವುಳಿಯದಂತೆ ಭಾಗಿಸಬಲ್ಲ ಸಂಖ್ಯೆಯು ಅದರ ಅಪವರ್ತನ. ಒಂದು ಸಂಖ್ಯೆಯನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಗುಣಿಸುತ್ತ ಹೋದಾಗ ದೊರೆಯುವ ಸಂಖ್ಯೆಗಳು ಅದರ ಅಪವರ್ತ್ಯಗಳು. ಹನ್ನೆರಡಕ್ಕೆ ೧, ೨, ೩, ೪, ೬, ೧೨ ಎಂಬ ಆರು ಅಪವರ್ತನಗಳುಂಟು. ೧೨, ೨೪, ೩೬, ೪೮ ಎಂದು ಅದರ ಅಪವರ್ತ್ಯಗಳು ಕೊನೆಯಿಲ್ಲದೆ ಸಾಗುತ್ತವೆ. ಎರಡು ಸಂಖ್ಯೆಗಳಿಗೆ ಸಮಾನವಾದ ಅಪವರ್ತನಗಳಲ್ಲಿ ಅತ್ಯಂತ ದೊಡ್ಡದನ್ನು ಮಹತ್ತಮ ಸಾಮಾನ್ಯ ಅಪವರ್ತನವೆಂದೂ, ಸಮಾನವಾದ ಅಪವರ್ತ್ಯಗಳಲ್ಲಿ ಅತ್ಯಂತ ಚಿಕ್ಕದನ್ನು ಲಘುತಮ ಸಾಮಾನ್ಯ ಅಪವರ್ತ್ಯವೆಂದೂ ಕರೆಯುವುದು ವಾಡಿಕೆ. ಮ.ಸಾ.ಅ., ಲ.ಸಾ.ಅ. ಎಂಬ ಗಿಡ್ಡ ಹೆಸರುಗಳಿಂದ ಇವು ಮಕ್ಕಳಿಗೆಲ್ಲ ಪರಿಚಿತ. ಆದರೆ ಇವೆರಡರಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂಬ ವಿವೇಕ ಮಾತ್ರ ಅನೇಕರಿಗೆ ಬೆಳೆದ ಮೇಲೂ ಬಂದಿರುವುದಿಲ್ಲ. ಅದಕ್ಕೆ ಒಂದು ಸುಲಭವಾದ ನಿಯಮವನ್ನು ಹೇಳಬಹುದು. ಕೈಯಲ್ಲಿರುವ ದೊಡ್ಡ ಅಳತೆಗಳನ್ನು ಸಮನಾದ ತುಂಡುಗಳಾಗಿ ಒಡೆಯಬೇಕಾದಲ್ಲಿ ಅಪವರ್ತನವನ್ನು ಹುಡುಕಬೇಕು. ಚಿಕ್ಕ ಅಳತೆಗಳು ಮತ್ತೆ ಮತ್ತೆ ಬಂದು ಎಲ್ಲಿ ಒಂದುಗೂಡುತ್ತವೆಂದು ತಿಳಿಯಬೇಕಾದಲ್ಲಿ ಅಪವರ್ತ್ಯವನ್ನು ಹುಡುಕಬೇಕು.

ಮೊದಲನೆಯದಕ್ಕೆ ನೆಲಹಾಸಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಂದು ನಡುಮನೆಯ ಉದ್ದ ೧೫ ಅಡಿ, ಅಗಲ ಹನ್ನೆರಡೂವರೆ ಅಡಿ ಎಂದಿಟ್ಟುಕೊಳ್ಳಿ. ಅರ್ಧ ಅಡಿಯ ತೊಡಕನ್ನು ನೀಗಲು ಎರಡನ್ನೂ ಅಂಗುಲಕ್ಕೆ ತಂದರೆ ೧೮೦ ಮತ್ತು ೧೫೦ ಆಗುತ್ತವೆ. ಇವೆರಡಕ್ಕೂ ಸಮಾನವಾದ ಅಪವರ್ತನಗಳು ೧, ೨, ೩, ೫, ೬, ೧೦, ೧೫, ೩೦. ಅಂದರೆ ಈ ಕೋಣೆಯನ್ನು ಒಂದನ್ನೂ ಕತ್ತರಿಸದೆ ತುಂಬಬಲ್ಲ ಚೌಕದ ಟೈಲುಗಳಲ್ಲಿ ಅತಿ ದೊಡ್ಡದು ೩೦ ಅಂಗುಲದ್ದು, ಅಂಥವು ಉದ್ದಕ್ಕೆ ಆರು, ಅಗಲಕ್ಕೆ ಐದು, ಒಟ್ಟು ಮೂವತ್ತು ಬೇಕಾಗುತ್ತವೆ. ಮಾರುಕಟ್ಟೆಯಲ್ಲಿ ಹೇರಳವಾಗಿ ದೊರೆಯುವ ಒಂದಡಿಯ ಮತ್ತು ಎರಡಡಿಯ ಟೈಲುಗಳು ಮೇಲಿನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಎರಡಡಿಯದನ್ನು ಹಾಸಿದರೆ ಉದ್ದದಲ್ಲಿ ಏಳು ಕೂತು ೧೨ ಅಂಗುಲ ಉಳಿಯುತ್ತದೆ, ಅಗಲದಲ್ಲಿ ಆರು ಕೂತು ೬ ಅಂಗುಲ ಉಳಿಯುತ್ತದೆ. ಎರಡು ಗೋಡೆಗಳ ಬದಿಯಲ್ಲಿಯೂ ತುಂಡುಗಳ ಸಾಲು ಅನಿವಾರ್ಯವಾಗುತ್ತದೆ. ಇದೇ ಕೋಣೆಯನ್ನು ೧೬ ಅಡಿಗೆ ೧೨ ಅಡಿಯಾಗಿ ಕಟ್ಟಿದ್ದರೆ ವಿಸ್ತೀರ್ಣ ೧೮೭.೫ ಚದರಡಿಗೆ ಪ್ರತಿಯಾಗಿ ೧೯೨ ಚದರಡಿ ಆಗುತ್ತಿತ್ತು. ವೆಚ್ಚದಲ್ಲಿ ಹೇಳಿಕೊಳ್ಳುವಂಥ ಭೇದವಿರುತ್ತಿರಲಿಲ್ಲ, ಎಂಟು ಮತ್ತು ಆರರ ಸಾಲುಗಳಲ್ಲಿ ನಲವತ್ತೆಂಟು ಟೈಲುಗಳು ಇಡಿಯಾಗಿ ಹೊಂದಿಕೊಳ್ಳುತ್ತಿದ್ದುವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಎರಡಡಿಯದೆಂದು ಅಂಗಡಿಯಲ್ಲಿ ಹೇಳಿ ಮಾರುವ ಟೈಲು ವಾಸ್ತವವಾಗಿ ೬೦೦ ಮಿಲಿಮೀಟರಿನದು. ಎರಡು ಅಡಿಯಾದರೋ ಸುಮಾರು ೬೧೦ ಮಿಲಿಮೀಟರು. ಎಂಟು ಟೈಲುಗಳನ್ನು ಸಾಲಾಗಿ ಇಟ್ಟಾಗ ಈ ಅಲ್ಪವಾದ ಭೇದ ಬೆಳೆದು ಮೂರು ಅಂಗುಲದಷ್ಟಾಗುತ್ತದೆ. ಆದ್ದರಿಂದ ಟೈಲು ಮಿಲಿಮೀಟರಿನಲ್ಲಿದ್ದರೆ ಕೋಣೆಯನ್ನೂ ಮಿಲಿಮೀಟರಿನಲ್ಲಿಯೇ ಯೋಜಿಸಬೇಕು, ೪೮೦೦ಕ್ಕೆ ೩೬೦೦ ಎಂದು. ಅಪವರ್ತನವನ್ನು ಹುಡುಕುವ ಮೊದಲು ಎಲ್ಲ ಅಳತೆಗಳನ್ನೂ ಒಂದೇ ಮಾನಕ್ಕೆ ತರಬೇಕೆಂಬುದು ಈ ಶಾಸ್ತ್ರದ ಪ್ರಥಮ ವಿಧಿ. ಅದನ್ನು ಮೀರಿದವನಿಗೆ ಮಿಕ್ಕ ಲೆಕ್ಕವೆಲ್ಲ ಸರಿಯಾಗಿದ್ದರೂ ಫಲ ದೊರೆಯದು.

ಸಂಖ್ಯೆಗಳು ಗೊತ್ತಿಲ್ಲದಿದ್ದರೂ ಮಹತ್ತಮ ಸಾಮಾನ್ಯ ಅಪವರ್ತನವನ್ನು ಕಾಣಬಹುದೆಂಬುದು ಆಶ್ಚರ್ಯವೆನಿಸಬಹುದು. ಎರಡು ಬಿದಿರಿನ ಕೋಲುಗಳಿವೆ. ಅವುಗಳ ಉದ್ದವನ್ನು ಯಾರೂ ಅಳೆದಿಲ್ಲ. ಎರಡನ್ನೂ ಶೇಷವಿಲ್ಲದೆ ಅಳೆಯಬಲ್ಲ ಅತಿ ದೊಡ್ಡ ಕಡ್ಡಿ ಯಾವುದೆಂದು ತಿಳಿಯಬೇಕು. ದೊಡ್ಡ ಕೋಲಿನ ಮೇಲೆ ಚಿಕ್ಕದನ್ನಿಟ್ಟು, ಎಷ್ಟು ಸಲ ಹಿಡಿಸುವುದೋ ಅಷ್ಟು ಸಲ ಗುರುತಿಸಿ, ಉಳಿದ ಭಾಗವನ್ನು ಒಂದು ಕಡ್ಡಿಯಾಗಿ ತೆಗೆದುಕೊಳ್ಳಿ. ಆ ಕಡ್ಡಿಯಿಂದ ಚಿಕ್ಕ ಕೋಲನ್ನು ಅಳೆಯಿರಿ. ಅಲ್ಲಿ ಮಿಕ್ಕುದರಿಂದ ಮೊದಲಿನ ಕಡ್ಡಿಯನ್ನು ಅಳೆಯಿರಿ. ಹೀಗೆ ಮಿಕ್ಕುದರಿಂದ ಹಿಂದಿನದನ್ನು ಅಳೆಯುತ್ತ ಹೋದರೆ ಒಂದು ಹಂತದಲ್ಲಿ ಏನೂ ಮಿಗುವುದಿಲ್ಲ. ಆಗ ಕೈಯಲ್ಲಿರುವ ಕಡ್ಡಿಯೇ ನಾವು ಅರಸಿದ ಮಾನ. ಕೋಲುಗಳು ೮೪ ಮತ್ತು ೬೦ ಅಂಗುಲದವಾಗಿದ್ದರೆ ಮೊದಲು ಮಿಗುವುದು ೨೪. ೬೦ರಲ್ಲಿ ೨೪ನ್ನು ಎರಡು ಸಲ ಕಳೆದರೆ ಮಿಗುವುದು ೧೨. ೧೨ ಎಂಬುದು ೨೪ನ್ನು ಪೂರ್ಣವಾಗಿ ಅಳೆಯುತ್ತದೆ. ಹನ್ನೆರಡು ಅಂಗುಲದ ಕಡ್ಡಿ ಮೊದಲನೆಯದರಲ್ಲಿ ಏಳು ಸಲ, ಎರಡನೆಯದರಲ್ಲಿ ಐದು ಸಲ ಹಿಡಿಸುತ್ತದೆ. ಗ್ರೀಕರ ಯೂಕ್ಲಿಡ್ ತನ್ನ ಗ್ರಂಥದ ಏಳನೆಯ ಭಾಗದ ಆದಿಯಲ್ಲಿಯೇ ಈ ಕ್ರಮವನ್ನು ನಿರೂಪಿಸಿದ್ದಾನೆ. ಕ್ರಿ.ಶ. ೪೯೯ರ ಆರ್ಯಭಟೀಯದಲ್ಲಿ, ಗಣಿತಪಾದದ ಕೊನೆಯ ಶ್ಲೋಕಗಳಲ್ಲಿ, ಆರ್ಯಭಟನು ವಿವರಿಸಿದ ಕುಟ್ಟಕವೆಂಬ ಪ್ರಕ್ರಿಯೆಯೂ ಇದೇ ಪರಸ್ಪರ ಭಾಜನವನ್ನು ಆಧಾರವಾಗಿಟ್ಟುಕೊಂಡದ್ದು. ಗ್ರಹಗತಿಗಳ ಲೆಕ್ಕದಂಥ ಮಹತ್ಕಾರ್ಯಕ್ಕೆ ಒದಗಿದ ಉಪಾಯವೇ ಎರಡು ಬಿದಿರಿನ ಕೋಲುಗಳ ವಿಷಯದಲ್ಲಿಯೂ ಒದಗುತ್ತದೆ.

ಗುರುತುಗಳಿಲ್ಲದ ಪಾತ್ರೆಗಳಿಂದ ದ್ರವವನ್ನು ಅಳೆಯುವವರಿಗೆ ಇದೇ ತತ್ತ್ವ ಇನ್ನೊಂದು ರೂಪದಲ್ಲಿ ನೆರವಾಗುತ್ತದೆ. ಮೂರು ಲೀಟರಿನ ಮತ್ತು ಐದು ಲೀಟರಿನ ಪಾತ್ರೆಗಳಿದ್ದರೆ, ಮೂರರದನ್ನು ತುಂಬಿ ಐದರದಕ್ಕೆ ಸುರಿದು, ಮತ್ತೆ ತುಂಬಿ ಐದರದು ಭರ್ತಿಯಾಗುವವರೆಗೆ ಸುರಿದಾಗ ಮೂರರ ಪಾತ್ರೆಯಲ್ಲಿ ನಿಷ್ಕೃಷ್ಟವಾಗಿ ಒಂದು ಲೀಟರು ನಿಲ್ಲುತ್ತದೆ. ಒಂದು ಸಿದ್ಧಿಸಿದ ಮೇಲೆ ಎರಡು, ನಾಲ್ಕು, ಏಳು, ಯಾವುದು ಬೇಕಾದರೂ ಸಿದ್ಧಿಸಿದಂತೆಯೇ. ಆದರೆ ಆರು ಮತ್ತು ಒಂಬತ್ತು ಲೀಟರಿನ ಪಾತ್ರೆಗಳಿಂದ ಎಷ್ಟು ಸಲ ತುಂಬಿ ಸುರಿದರೂ ಮೂರು, ಆರು, ಒಂಬತ್ತು, ಹನ್ನೆರಡು ಎಂದು ಮೂರರ ಅಪವರ್ತ್ಯಗಳನ್ನಲ್ಲದೆ ಬೇರೆಯದನ್ನು ಪಡೆಯಲಾಗದು. ಎರಡು ಮಾನಗಳ ಮಹತ್ತಮ ಸಾಮಾನ್ಯ ಅಪವರ್ತನ ಯಾವುದೋ ಅದೇ ಅವುಗಳ ಶಕ್ತಿಯ ಮೇರೆ. ಅಳತೆಯ ಪಾತ್ರೆಗಳನ್ನು ಕೊಳ್ಳುವಾಗ ದೊಡ್ಡವನ್ನೇ ಕೊಂಡರೆ ಸಾಲದು. ಅವುಗಳೊಳಗೆ ಒಂದಕ್ಕಿಂತ ಹೆಚ್ಚಿನ ಸಮಾನ ಅಪವರ್ತನ ಇಲ್ಲದಂತೆ ಆರಿಸುವುದೂ ಜಾಣತನ.

ಬಡಗಿಯ ಕೆಲಸದಲ್ಲಿ ಅಪವರ್ತನವನ್ನು ಅಲಕ್ಷಿಸಿದವನು ತೆರುವ ದಂಡ ಕಣ್ಣಿಗೆ ಕಾಣುವಂಥದು. ಪ್ಲೈವುಡ್ ಹಲಗೆ ಸಾಮಾನ್ಯವಾಗಿ ೮ ಅಡಿ ಉದ್ದ, ೪ ಅಡಿ ಅಗಲದ್ದಾಗಿ, ಅಂದರೆ ೯೬ಕ್ಕೆ ೪೮ ಅಂಗುಲದ್ದಾಗಿ ಬರುತ್ತದೆ. ಪುಸ್ತಕದ ಬೀರುವಿಗೆ ೧೬ ಅಂಗುಲದ ಹಲಗೆಗಳು ಬೇಕೆಂದರೆ ಅಗಲದಲ್ಲಿ ಮೂರು ಪಟ್ಟಿಗಳು ದೊರೆಯುತ್ತವೆ. ಅದೇ ಒಡೆಯನು ಇನ್ನೊಂದು ಅಂಗುಲ ಇರಲಿ ಎಂದು ೧೭ ಅಂಗುಲ ಹೇಳಿದನಾದರೆ ದೊರೆಯುವುದು ಎರಡೇ ಪಟ್ಟಿ. ಮಿಕ್ಕ ೧೪ ಅಂಗುಲದ ತುಂಡು ಆ ಬೀರುವಿನ ಹಲಗೆಗೆ ನಿರುಪಯುಕ್ತ. ಒಂದು ಅಂಗುಲದ ಆಸೆಯಿಂದ ಹಲಗೆಯ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಮರ ವ್ಯರ್ಥವಾಗುತ್ತದೆ. ೪೮ರ ಅಪವರ್ತನಗಳಾದ ೮, ೧೨, ೧೬, ೨೪ ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಪೀಠೋಪಕರಣದ ಆಕಾರವನ್ನು ನಿರ್ಣಯಿಸುವ ಬಡಗಿಯು ಒಡೆಯನ ಹಣವನ್ನು ಉಳಿಸುವುದರ ಜೊತೆಗೆ ಒಂದು ಮರದ ಆಯುಸ್ಸನ್ನೂ ಗೌರವಿಸುತ್ತಾನೆ.

ಗರಗಸವು ತಿನ್ನುವ ಪುಡಿ, ಇಟ್ಟಿಗೆಗಳ ನಡುವಣ ಗಾರೆ, ಟೈಲುಗಳ ನಡುವಣ ಸಂದು, ಇವು ಶುದ್ಧ ಗಣಿತದಲ್ಲಿ ಇಲ್ಲದ ಪದಾರ್ಥಗಳು ಎಂದು ಆಕ್ಷೇಪಿಸುವವರುಂಟು. ಆಕ್ಷೇಪ ನಿಜವಾದದ್ದೇ, ಅದಕ್ಕೆ ಉತ್ತರವನ್ನು ಇಟ್ಟಿಗೆಯೇ ಕೊಡುತ್ತದೆ. ಭಾರತೀಯ ಮಾನಕದ ಪ್ರಕಾರ ಇಟ್ಟಿಗೆಯ ಅಳತೆ ೧೯೦, ೯೦, ೯೦ ಮಿಲಿಮೀಟರು. ಈ ಸಂಖ್ಯೆಗಳನ್ನು ನೋಡಿದರೆ ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುತ್ತವೆ. ಆದರೆ ೧೦ ಮಿಲಿಮೀಟರಿನ ಗಾರೆಯನ್ನು ಕೂಡಿಸಿದೊಡನೆ ೨೦೦, ೧೦೦, ೧೦೦ ಆಗಿ, ಉದ್ದಕ್ಕಿಟ್ಟ ಒಂದು ಇಟ್ಟಿಗೆಯು ಅಡ್ಡಕ್ಕಿಟ್ಟ ಎರಡಕ್ಕೆ ಸರಿಸಮವಾಗುತ್ತದೆ. ಹಳೆಯ ಕಾಲದ ೯, ೪.೫, ೩ ಅಂಗುಲದ ಇಟ್ಟಿಗೆಯ ಲೆಕ್ಕದಲ್ಲಿಯೂ ಇದೇ ಸೌಂದರ್ಯವಿದೆ: ನಾಲ್ಕೂವರೆಯ ಎರಡರಷ್ಟು ಒಂಬತ್ತು, ಮೂರರ ಮೂರರಷ್ಟು ಒಂಬತ್ತು. ಅದರಿಂದಲೇ ಒಂಬತ್ತು ಅಂಗುಲದ ಗೋಡೆ, ನಾಲ್ಕೂವರೆ ಅಂಗುಲದ ಗೋಡೆ ಎಂಬ ಎಣಿಕೆ ಇಂದಿಗೂ ಮೇಸ್ತ್ರಿಗಳ ಬಾಯಲ್ಲಿ ನಿಂತಿದೆ. ಸಂದನ್ನೂ ಸವೆತವನ್ನೂ ಅಳತೆಯೊಳಕ್ಕೆ ಮೊದಲೇ ಸೇರಿಸಿಕೊಂಡು ಆಮೇಲೆ ಅಪವರ್ತನವನ್ನು ನೋಡುವುದು, ಇದು ಎರಡನೆಯ ವಿಧಿ.

ಜಮೀನಿನ ಪಾಲಿನಲ್ಲಿ ಈ ವಿಚಾರ ಕುಟುಂಬಗಳ ಶಾಂತಿಗೂ ಸಂಬಂಧಿಸಿದ್ದು. ಒಂದು ಎಕರೆಗೆ ೪೦ ಗುಂಟೆ, ಒಂದು ಗುಂಟೆಗೆ ೧೬ ಆಣೆ. ನಲವತ್ತನ್ನು ಎರಡು, ನಾಲ್ಕು, ಐದು, ಎಂಟು ಪಾಲುಗಳಾಗಿ ಒಡೆಯುವುದು ಸುಲಭ. ಆದರೆ ಮೂವರು ಅಣ್ಣತಮ್ಮಂದಿರಿದ್ದರೆ ತಲೆಗೆ ೧೩ ಗುಂಟೆ ಬಂದು ಒಂದು ಗುಂಟೆ ಮಿಗುತ್ತದೆ. ಆ ಗುಂಟೆಯ ಹದಿನಾರು ಆಣೆಯನ್ನು ಮತ್ತೆ ಹಂಚಿದರೆ ತಲೆಗೆ ಐದು ಆಣೆ ಬಂದು ಒಂದು ಆಣೆ ಮಿಗುತ್ತದೆ. ನಲವತ್ತರಲ್ಲಾಗಲಿ ಹದಿನಾರರಲ್ಲಾಗಲಿ ಮೂರೆಂಬ ಅಪವರ್ತನ ಇಲ್ಲದಿರುವುದೇ ಇದಕ್ಕೆ ಕಾರಣ. ಎಷ್ಟು ಹಂಚಿದರೂ ಶೇಷ ತೀರದು, ಶೇಷವಿದ್ದಲ್ಲಿ ಸಂಶಯ, ಸಂಶಯವಿದ್ದಲ್ಲಿ ವ್ಯಾಜ್ಯ. ಈಗ ಅದೇ ಗುಂಟೆಯನ್ನು ಅಡಿಗಳಲ್ಲಿ ನೋಡಿ. ಗುಂಟೆಯೆಂದರೆ ೩೩ ಅಡಿ ಉದ್ದ, ೩೩ ಅಡಿ ಅಗಲದ ಚೌಕ. ೩೩ ಎಂಬುದು ಮೂರು ಹನ್ನೊಂದು. ಮಿಕ್ಕ ಗುಂಟೆಯನ್ನು ೧೧ ಅಡಿ ಅಗಲದ ಮೂರು ಪಟ್ಟಿಗಳಾಗಿ ಗೆರೆ ಎಳೆದರೆ ಒಬ್ಬೊಬ್ಬನಿಗೆ ೩೬೩ ಚದರಡಿ ಬರುತ್ತದೆ, ಒಂದು ಅಂಗುಲವೂ ಮಿಗುವುದಿಲ್ಲ. ಎಕರೆಯ ಒಟ್ಟು ೪೩,೫೬೦ ಚದರಡಿಯಲ್ಲಿ ತಲೆಗೆ ೧೪,೫೨೦ ಚದರಡಿ. ಗುಂಟೆ ಆಣೆಗಳ ಲೆಕ್ಕದಲ್ಲಿ ಅಸಾಧ್ಯವಾಗಿದ್ದುದು ಅಡಿಯ ಲೆಕ್ಕದಲ್ಲಿ ಅನಾಯಾಸವಾಗಿ ಸಾಧ್ಯವಾಯಿತು. ಭೂಮಿ ಬದಲಾಗಲಿಲ್ಲ, ನ್ಯಾಯ ಬದಲಾಗಲಿಲ್ಲ. ಪಾಲುದಾರರ ಸಂಖ್ಯೆಯನ್ನು ತನ್ನೊಳಗೆ ಅಪವರ್ತನವಾಗಿ ಉಳ್ಳ ಮಾನವನ್ನು ಆರಿಸಿಕೊಂಡುದಷ್ಟೇ ಭೇದ.

ಅಪವರ್ತ್ಯದ ಮಹಿಮೆಯನ್ನು ಕಾಣಬೇಕಾದರೆ ಮಲೆನಾಡಿನ ಅಥವಾ ಕರಾವಳಿಯ ಅಡಕೆಯ ತೋಟಕ್ಕೆ ಹೋಗಬೇಕು. ಅಡಕೆಗೆ ವಿಹಿತವಾದ ಅಂತರ ೨.೭ ಮೀಟರು, ಅಂದರೆ ಸುಮಾರು ೯ ಅಡಿ. ಅದರ ನಡುವೆ ಕೋಕೋ ಬೆಳೆಸುವವರಿಗೆ ಒಂದು ದಿಕ್ಕಿನಲ್ಲಿ ೨.೭ ಮೀಟರು, ಇನ್ನೊಂದು ದಿಕ್ಕಿನಲ್ಲಿ ೫.೪ ಮೀಟರು ಅಂತರ ಕೊಡಬೇಕೆಂದು ಕೃಷಿಶಾಸ್ತ್ರಜ್ಞರು ಸಲಹೆ ಕೊಡುತ್ತಾರೆ. ಐದೂವರೆ ಎಂಬ ಗುಂಡು ಸಂಖ್ಯೆಯನ್ನು ಬಿಟ್ಟು ೫.೪ನ್ನೇ ಏಕೆ ಹಿಡಿದರೆಂದರೆ ಅದು ೨.೭ರ ಎರಡರಷ್ಟು, ಕೋಕೋ ಗಿಡ ಒಂದು ಬಿಟ್ಟು ಒಂದು ಓಣಿಯಲ್ಲಿ, ಎಲ್ಲಿಯೂ ಅಡಕೆಯ ಬುಡಕ್ಕೆ ತಾಗದೆ, ತೋಟದ ಕೊನೆಯವರೆಗೂ ನೇರವಾಗಿ ನಿಲ್ಲುತ್ತದೆ. ಅದೇ ತೋಟದಲ್ಲಿ ತೆಂಗನ್ನೂ ಸೇರಿಸಬೇಕೆನ್ನುವವನು ೨೫ ಅಡಿಗೊಂದರಂತೆ ನೆಟ್ಟರೆ, ೯ ಮತ್ತು ೨೫ಕ್ಕೆ ಒಂದನ್ನು ಬಿಟ್ಟು ಬೇರೆ ಸಮಾನ ಅಪವರ್ತನವಿಲ್ಲದ ಕಾರಣ, ಎರಡು ಸಾಲುಗಳೂ ಮತ್ತೆ ಕೂಡುವುದು ೨೨೫ ಅಡಿಯ ದೂರದಲ್ಲಿ. ಅಲ್ಲಿಯವರೆಗೆ ಪ್ರತಿಯೊಂದು ತೆಂಗೂ ಅಡಕೆಯ ಸಾಲಿನಿಂದ ಬೇರೆ ಬೇರೆ ದೂರದಲ್ಲಿ ಬೀಳುತ್ತದೆ. ೨೭ ಅಡಿಗೊಂದರಂತೆ ನೆಟ್ಟರೆ ಮೂರು ಅಡಕೆಗೆ ಒಂದು ತೆಂಗು ಎಂಬ ಕ್ರಮ ಕೊನೆಯವರೆಗೂ ಕೆಡುವುದಿಲ್ಲ. ಒಮ್ಮೆ ನೆಟ್ಟರೆ ಒಂದು ತಲೆಮಾರು ನಿಲ್ಲುವ ಮರಗಳ ವಿಷಯದಲ್ಲಿ ಈ ಎರಡಡಿಯ ವಿವೇಕ ಸಣ್ಣದಲ್ಲ.

ಲಘುತಮ ಸಾಮಾನ್ಯ ಅಪವರ್ತ್ಯದ ವಿಷಯದಲ್ಲಿ ಕನ್ನಡನಾಡಿಗೆ ಒಂದು ವಿಶೇಷವಾದ ಅಭಿಮಾನದ ಕಾರಣವುಂಟು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಪಂಡಿತನಾದ ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಗಳನ್ನು ಕೂಡಿಸುವುದಕ್ಕೆ ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು, ನಿರುದ್ಧವೆಂಬ ಹೆಸರಿನಿಂದ, ಉಪಯೋಗಿಸುವ ಕ್ರಮವಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮುಂತಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದು, ಲೆಕ್ಕವು ಪಂಡಿತರ ಸ್ವತ್ತಾಗಿ ನಿಲ್ಲದೆ ವ್ಯವಹಾರಿಗಳ ಕೈಗೂ ಬರುವಂತೆ ಮಾಡಿದನು. ದರ್ಜಿಯು ಮುಕ್ಕಾಲು ಗಜದ ಬಟ್ಟೆಗೆ ಗಜದ ಮೂರನೆಯ ಎರಡು ಭಾಗವನ್ನು ಕೂಡಿಸಬೇಕಾದಾಗ ನಾಲ್ಕು ಮತ್ತು ಮೂರರ ನಿರುದ್ಧವಾದ ಹನ್ನೆರಡನ್ನು ಹಿಡಿದು, ಒಂಬತ್ತು ಮತ್ತು ಎಂಟು ಸೇರಿ ಹನ್ನೆರಡರಲ್ಲಿ ಹದಿನೇಳು ಭಾಗ, ಅಂದರೆ ೫೧ ಅಂಗುಲ, ಎಂದು ಹೇಳುವಾಗ ಆ ಹಳೆಯ ಆಚಾರ್ಯನ ದಾರಿಯಲ್ಲಿಯೇ ನಡೆಯುತ್ತಾನೆ. ಆರು ಗಂಟೆಗೊಂದು ಮದ್ದನ್ನೂ ಎಂಟು ಗಂಟೆಗೊಂದು ಮದ್ದನ್ನೂ ಕೊಡುವ ಮನೆಯಾಕೆಗೆ ಎರಡೂ ಒಟ್ಟಿಗೆ ಬರುವುದು ೨೪ ಗಂಟೆಗೊಮ್ಮೆ ಎಂದು ತಿಳಿದಿದ್ದರೆ ಇಡೀ ದಿನದ ವೇಳಾಪಟ್ಟಿಯನ್ನು ಒಮ್ಮೆ ಬರೆದು ಗೋಡೆಗೆ ಅಂಟಿಸಿ ನಿಶ್ಚಿಂತಳಾಗಿರಬಹುದು.

ನಮ್ಮ ಹಿಂದಿನವರು ಮಾನಗಳನ್ನು ಕಲ್ಪಿಸಿದಾಗ ಅಪವರ್ತನಗಳು ಹೇರಳವಾಗಿರುವ ಸಂಖ್ಯೆಗಳನ್ನೇ ಆರಿಸಿದರೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಗೇಣಿಗೆ ಹಳೆಯ ಲೆಕ್ಕದ ೧೨ ಅಂಗುಲ, ಮೊಳಕ್ಕೆ ೨೪, ದಂಡಕ್ಕೆ ೯೬; ಅಹೋರಾತ್ರಿಗೆ ೬೦ ಘಳಿಗೆ. ಅರುವತ್ತನ್ನು ಒಂದರಿಂದ ಆರರವರೆಗಿನ ಎಲ್ಲ ಸಂಖ್ಯೆಗಳೂ ಭಾಗಿಸುತ್ತವೆ. ಅಂಥ ಸಂಖ್ಯೆಗಳಲ್ಲಿ ಅದೇ ಕನಿಷ್ಠ. ರೂಪಾಯಿಗೆ ೧೬ ಆಣೆ, ಆಣೆಗೆ ೧೨ ಪೈಗಳಂತೆ ೧೯೨ ಪೈಗಳಿದ್ದ ಕಾಲದಲ್ಲಿ ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲೆಗೆ ಐದಾಣೆ ನಾಲ್ಕು ಪೈ ಬಂದು ಲೆಕ್ಕ ಮುಗಿಯುತ್ತಿತ್ತು. ೧೯೫೭ರ ಏಪ್ರಿಲ್ ೧ರಂದು ದಶಮಾಂಶ ನಾಣ್ಯ ಬಂದು ರೂಪಾಯಿಗೆ ನೂರು ಪೈಸೆಯಾಯಿತು. ೧೯೨ಕ್ಕೆ ಹದಿನಾಲ್ಕು ಅಪವರ್ತನಗಳು, ೧೦೦ಕ್ಕೆ ಒಂಬತ್ತು, ಅವುಗಳಲ್ಲಿ ಮೂರಿಲ್ಲ. ಹೀಗೆಂದು ದಶಮಾಂಶ ಪದ್ಧತಿಯನ್ನು ಜರೆಯುವುದು ಅವಿವೇಕ. ಊರಿಗೊಂದು ಸೇರು, ಸಂತೆಗೊಂದು ಕೊಳಗ ಇದ್ದ ಅವ್ಯವಸ್ಥೆಯನ್ನು ಅದು ತೊಡೆದುಹಾಕಿತು; ಕೂಡುವುದನ್ನೂ ಗುಣಿಸುವುದನ್ನೂ ಮಕ್ಕಳಾಟದಷ್ಟು ಸುಲಭಗೊಳಿಸಿತು. ಆದರೆ ಹತ್ತರೊಳಗೆ ಎರಡು ಮತ್ತು ಐದು ಮಾತ್ರ ಅಡಗಿವೆ. ಮೂರರ ಪಾಲು ಬೇಕಾದವನಿಗೆ ಆ ಪದ್ಧತಿ ತಾನಾಗಿ ಏನನ್ನೂ ಕೊಡುವುದಿಲ್ಲ. ಹಿಂದೆ ಮಾನವೇ ನಮ್ಮ ಪರವಾಗಿ ಆಲೋಚಿಸಿತ್ತು. ಈಗ ಆಲೋಚನೆಯ ಭಾರ ನಮ್ಮದು. ಮೀಟರಿನೊಳಗೇ ೬೦೦, ೯೦೦, ೧೨೦೦ ಮಿಲಿಮೀಟರುಗಳನ್ನು ಆರಿಸಿಕೊಂಡರೆ, ಕಿಲೋವಿನೊಳಗೆ ೯೦೦ ಅಥವಾ ೧೨೦೦ ಗ್ರಾಮನ್ನು ತೂಗಿಸಿಕೊಂಡರೆ, ದಶಮಾಂಶದ ಸೌಲಭ್ಯವೂ ಹಳೆಯ ಮಾನಗಳ ಔದಾರ್ಯವೂ ಒಟ್ಟಿಗೆ ದೊರೆಯುತ್ತವೆ.

ಇಷ್ಟನ್ನೆಲ್ಲ ಹೇಳಿದುದರ ತಾತ್ಪರ್ಯ ಒಂದೇ. ಅಳತೆಗೆ ಮೊದಲು ಅಳತೆಯ ಮಾನವನ್ನು ಆರಿಸಬೇಕು. ಆ ಆಯ್ಕೆಗೆ ಅಪವರ್ತನ ಅಪವರ್ತ್ಯಗಳೇ ದಾರಿ ತೋರುವುವು. ಉಪಾಧ್ಯಾಯರಲ್ಲಿ ನನ್ನ ಬಿನ್ನಹವೆಂದರೆ, ಮ.ಸಾ.ಅ., ಲ.ಸಾ.ಅ.ಗಳ ಪಾಠವನ್ನು ಕರಿಹಲಗೆಯ ಮೇಲೆ ಮುಗಿಸದೆ, ಮಕ್ಕಳ ಕೈಗೆ ಎರಡು ಕೋಲುಗಳನ್ನು ಕೊಟ್ಟು ತರಗತಿಯ ನೆಲವನ್ನೂ ಶಾಲೆಯ ಅಂಗಳವನ್ನೂ ಅಳೆಯಿಸಿರಿ. ಕೈ ಕಲಿತುದನ್ನು ತಲೆ ಮರೆಯುವುದಿಲ್ಲ. ಗೃಹಸ್ಥರಲ್ಲಿ ಬಿನ್ನಹವೆಂದರೆ, ಮನೆಯ ನಕ್ಷೆಗಾಗಲಿ ತೋಟದ ಗುಂಡಿಗಾಗಲಿ ಆಸ್ತಿಯ ಪಾಲಿಗಾಗಲಿ ಕೈಹಾಕುವ ಮುನ್ನ ಒಂದು ಹಾಳೆಯ ಮೇಲೆ ಎಲ್ಲ ಅಳತೆಗಳನ್ನೂ ಒಂದೇ ಮಾನದಲ್ಲಿ ಬರೆದು, ಸಂದು ಸವೆತಗಳನ್ನು ಸೇರಿಸಿ, ಅವುಗಳ ಸಮಾನ ಅಪವರ್ತನವೇನು, ಅವು ಕೂಡುವ ಅಪವರ್ತ್ಯವೇನು ಎಂದು ನೋಡಿರಿ. ಅರ್ಧ ಗಂಟೆಯ ಈ ಲೆಕ್ಕ ಮುಂದಿನ ಅನೇಕ ವರ್ಷಗಳ ವ್ಯಯವನ್ನೂ ವ್ಯಾಜ್ಯವನ್ನೂ ತಪ್ಪಿಸಬಲ್ಲದು.